ಸಹಿ ಹಾಕುವ ಮುನ್ನ ಮಗುವಿನ ಮಾತು ಕೇಳೋಣ

ಬೋಧನಾಭ್ಯಾಸದ ಅವಧಿ ಮುಗಿದ ವಾರ ನಮ್ಮಂಥ ಉಪನ್ಯಾಸಕರ ಮೇಜಿನ ಮೇಲೆ ದಾಖಲೆ ಪುಸ್ತಕಗಳ ರಾಶಿ ಬೀಳುತ್ತದೆ. ಪಾಠ ಯೋಜನೆ, ವೀಕ್ಷಣಾ ನಮೂನೆ, ಕ್ರಿಯಾ ಸಂಶೋಧನೆ, ಕೊನೆಯಲ್ಲಿ ಪ್ರಕರಣ ಅಧ್ಯಯನ. ಅಷ್ಟು ಹೊತ್ತಿಗೆ ಕೆಂಪು ಶಾಯಿಯ ಪೆನ್ನೂ ನಮ್ಮ ತಾಳ್ಮೆಯೂ ಮುಗಿಯುತ್ತ ಬಂದಿರುತ್ತವೆ. ಕೆಲವು ವರ್ಷಗಳ ಹಿಂದೆ ಹೀಗೆಯೇ ಒಂದು ಪ್ರಕರಣ ಅಧ್ಯಯನಕ್ಕೆ ನಾನು ಇಪ್ಪತ್ತಕ್ಕೆ ಹದಿನೆಂಟು ಅಂಕ ಕೊಟ್ಟು ಸಹಿ ಹಾಕಿದೆ. ಒಂದನೇ ತರಗತಿಯ ಹುಡುಗಿಯೊಬ್ಬಳ ಬಗ್ಗೆ ಪ್ರಶಿಕ್ಷಣಾರ್ಥಿ ಬರೆದ ತೀರ್ಮಾನ ಹೀಗಿತ್ತು: ಮಗು ತರಗತಿಯಲ್ಲಿ ಮಾತನಾಡುವುದಿಲ್ಲ, ವಾಕ್ ದೋಷವಿರುವ ಸಾಧ್ಯತೆ ಇದೆ, ಕಲಿಕೆ ಮಂದಗತಿಯದು. ಅಕ್ಷರ ದುಂಡಗಿತ್ತು, ಶೀರ್ಷಿಕೆಗಳ ಕೆಳಗೆ ಗೆರೆ ಎಳೆದಿತ್ತು, ಮಗುವಿನ ಎತ್ತರ ತೂಕವೂ ನಮೂದಾಗಿತ್ತು. ಇನ್ನೇನು ಬೇಕು?

ಎರಡು ವಾರಗಳ ನಂತರ ಕತ್ತಲಗೆರೆಯ ಬಸ್ ನಿಲ್ದಾಣದಲ್ಲಿ ಅದೇ ಹುಡುಗಿಯನ್ನು ನೋಡಿದೆ. ಅಜ್ಜಿಯ ಸೆರಗು ಹಿಡಿದು ಒಂದೇ ಸಮನೆ ಮಾತಾಡುತ್ತಿದ್ದಳು. ಕೈ ತಿರುಗಿಸುತ್ತಾಳೆ, ಕಣ್ಣು ಅರಳಿಸುತ್ತಾಳೆ, ನಡುವೆ ಯಾರದೋ ದನಿ ಅನುಕರಿಸುತ್ತಾಳೆ. ನನಗೆ ಒಂದು ಪದವೂ ತಿಳಿಯಲಿಲ್ಲ. ಜೊತೆಯಲ್ಲಿದ್ದ ಇನ್ನೊಬ್ಬ ಪ್ರಶಿಕ್ಷಣಾರ್ಥಿ ನಗುತ್ತ ಹೇಳಿದ: "ಸರ್, ಬೆಳಿಗ್ಗೆಯಿಂದ ಏನೇನಾಯ್ತು ಅಂತ ಅಜ್ಜಿಗೆ ವರದಿ ಒಪ್ಪಿಸ್ತಿದಾಳೆ. ಟೀಚರ್ ಹೇಳಿದ ಕಥೇನೂ ಹೇಳ್ತಿದಾಳೆ ನೋಡಿ." ಆತ ತಾಂಡಾದ ಹುಡುಗ, ಅವನ ಮನೆಮಾತು ಲಂಬಾಣಿ. ಅವಳದ್ದೂ ಅದೇ. ಅವನನ್ನು ನಾವು ಬೇರೊಂದು ಶಾಲೆಗೆ ಬೋಧನಾಭ್ಯಾಸಕ್ಕೆ ಹಾಕಿದ್ದೆವು!

ಆ ಹುಡುಗಿಗೆ ವಾಕ್ ದೋಷ ಇರಲಿಲ್ಲ. ಅವಳಿಗೆ ಇದ್ದದ್ದು ನಮ್ಮ ಯಾರಿಗೂ ಅರ್ಥವಾಗದ ಒಂದು ಭಾಷೆ. ತಪ್ಪು ಬರೆದದ್ದು ಹತ್ತೊಂಬತ್ತು ವರ್ಷದ ಪ್ರಶಿಕ್ಷಣಾರ್ಥಿ, ತಪ್ಪಿಗೆ ಮುದ್ರೆ ಒತ್ತಿದವನು ನಾನು. ಅವಳ ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಇಬ್ಬರೂ ಕೇಳಿರಲಿಲ್ಲ.

ಇದಿಷ್ಟೇ ಆಗಿದ್ದರೆ ಈ ಲೇಖನವನ್ನು 'ಆತುರಪಟ್ಟು ಹಣೆಪಟ್ಟಿ ಹಚ್ಚಬೇಡಿ' ಎಂಬ ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅದರ ಮರುವರ್ಷವೇ ನಾನು ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ತಪ್ಪು ಮಾಡಿದೆ.

ಶಾಲೆಯ ಆವರಣದಲ್ಲೇ ಇದ್ದ ಅಂಗನವಾಡಿಗೆ ಮೂರೂವರೆ ವರ್ಷದ ಹುಡುಗನೊಬ್ಬ ಬರುತ್ತಿದ್ದ. ಬೇಕಾದದ್ದನ್ನು ಕೈ ಹಿಡಿದು ಎಳೆದು ತೋರಿಸುತ್ತಿದ್ದ, 'ಆ', 'ಮ್ಮಾ' ಎನ್ನುವಂಥ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಅವನನ್ನು ಬಿಡಲು ಬಂದ ಅಜ್ಜಿಯನ್ನು ಕೇಳಿದೆ. "ಇವ್ರಪ್ಪಂಗೂ ಐದು ವರ್ಸಕ್ಕೇ ಮಾತು ಬಂದಿದ್ದು ಮೇಷ್ಟ್ರೇ. ಗಂಡು ಹುಡ್ರು ತಡ. ಬಜೆ ತೇದು ನಾಲಿಗೆಗೆ ಹಚ್ತಾ ಇದೀವಿ, ಬರ್ತದೆ ಬಿಡ್ರಿ" ಎಂದರು. ಹಿಂದಿನ ವರ್ಷದ ಪೆಟ್ಟು ನೆನಪಿದ್ದ ನಾನು, "ಹೌದಮ್ಮ, ಕೆಲವು ಮಕ್ಕಳಿಗೆ ತಡ ಆಗುತ್ತೆ" ಎಂದು ತಲೆಯಾಡಿಸಿ ಬಂದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರೂ ಏನೂ ಮಾಡಲಿಲ್ಲ. ಕೊನೆಗೆ ದಾವಣಗೆರೆಯಲ್ಲಿ ಶ್ರವಣ ಪರೀಕ್ಷೆ ಆದಾಗ ಎರಡೂ ಕಿವಿ ಬಹುಪಾಲು ಕೇಳಿಸುತ್ತಿಲ್ಲವೆಂದು ಗೊತ್ತಾಯಿತು. ಹುಟ್ಟಿನಿಂದಲೇ ಇದ್ದ ದೋಷ. ಅಷ್ಟರಲ್ಲಿ ಅವನಿಗೆ ಐದು ತುಂಬುತ್ತ ಬಂದಿತ್ತು.

ಒಂದು ಮಗುವಿನ ವಿಷಯದಲ್ಲಿ ಕಾಯಬೇಕಿತ್ತು, ನಾವು ಅವಸರಪಟ್ಟೆವು. ಇನ್ನೊಂದರ ವಿಷಯದಲ್ಲಿ ಅವಸರ ಮಾಡಬೇಕಿತ್ತು, ನಾವು ಕಾದೆವು. ಎರಡೂ ತಪ್ಪುಗಳ ಬೇರು ಒಂದೇ ಎಂಬುದು ನನ್ನ ಅಭಿಪ್ರಾಯ. ಮಗುವಿನ ಮಾತನ್ನು ಕೇಳಿ ನೋಡುವುದನ್ನು ನಾವು ಪ್ರಶಿಕ್ಷಣಾರ್ಥಿಗಳಿಗೆ ಕಲಿಸುತ್ತಿಲ್ಲ. ನಾವೂ ಕಲಿತಿಲ್ಲ.

ಪುಸ್ತಕದಲ್ಲಿರುವುದು, ಅಂಗಳದಲ್ಲಿರುವುದು

ಭಾಷಾ ವಿಕಾಸದ ಪಾಠವನ್ನು ನಾವು ಮಾಡುವುದಿಲ್ಲ ಎಂದಲ್ಲ. ಸ್ಕಿನ್ನರ್ 1957ರಲ್ಲಿ ಮಾತನ್ನು ವರ್ತನೆಯೆಂದು ವಿವರಿಸಿದರು, ಚಾಮ್‌ಸ್ಕಿ 1959ರಲ್ಲಿ ಅದನ್ನು ಕಟುವಾಗಿ ವಿಮರ್ಶಿಸಿದರು, ಪಿಯಾಜೆ ಹೀಗೆಂದರು, ವೈಗಾಟ್ಸ್ಕಿ ಹಾಗೆಂದರು. ನಮ್ಮ ವಿದ್ಯಾರ್ಥಿಗಳು ಐದು ಅಂಕದ ಪ್ರಶ್ನೆಗೆ ಇವೆಲ್ಲವನ್ನೂ ಚೆನ್ನಾಗಿ ಬರೆಯುತ್ತಾರೆ. ಆದರೆ ಎರಡು ವರ್ಷದ ಮಗು ಎಷ್ಟು ಮಾತಾಡಬೇಕು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಮನೆಯಲ್ಲಿ ತಂಗಿಯ ಮಗುವನ್ನು ಎತ್ತಿ ಆಡಿಸಿದ ಹುಡುಗಿಯರಿಗೆ ಉತ್ತರ ಗೊತ್ತಿರುತ್ತದೆ. ಅದು ತರಗತಿಯಲ್ಲಿ ಹೇಳಬಹುದಾದ ಜ್ಞಾನ ಎಂಬುದು ಮಾತ್ರ ಅವರಿಗೆ ತಿಳಿದಿರುವುದಿಲ್ಲ.

ಅದನ್ನು ಇಲ್ಲಿ ಸರಳವಾಗಿ ಬರೆಯುತ್ತೇನೆ. ಮಾತು ಬಾಯಿಗಿಂತ ಮೊದಲು ಕಿವಿಯಲ್ಲಿ ಹುಟ್ಟುತ್ತದೆ. ಹೊಟ್ಟೆಯಲ್ಲಿರುವಾಗಲೇ ಮಗು ತಾಯಿಯ ದನಿ ಕೇಳುತ್ತದೆ, ಹುಟ್ಟಿದ ಮೇಲೆ ಅದನ್ನು ಗುರುತು ಹಿಡಿಯುತ್ತದೆ. ಎರಡು ಮೂರು ತಿಂಗಳಿಗೆ 'ಊ', 'ಆ' ಎಂದು ಸ್ವರ ಎಳೆಯುತ್ತದೆ. ಆರೇಳು ತಿಂಗಳಿಂದ 'ಬಬಬ', 'ದದದ', 'ಮಮಮ' ಎಂಬ ಸರಮಾಲೆ ಶುರುವಾಗುತ್ತದೆ. ಒಂಬತ್ತು ಹತ್ತು ತಿಂಗಳಿಗೆ ಹೆಸರು ಹಿಡಿದು ಕರೆದರೆ ತಿರುಗುತ್ತದೆ. ವರ್ಷದ ಹೊತ್ತಿಗೆ ಬೆರಳು ತೋರಿಸುತ್ತದೆ, ಟಾಟಾ ಮಾಡುತ್ತದೆ, ಅರ್ಥವಿಟ್ಟು ಒಂದೆರಡು ಪದ ಆಡುತ್ತದೆ. ಎರಡು ವರ್ಷಕ್ಕೆ ಸುಮಾರು ಐವತ್ತು ಪದಗಳಿರುತ್ತವೆ, 'ಅಮ್ಮ ಬಾ', 'ಬುವ್ವ ಬೇಡ' ಎಂದು ಎರಡನ್ನು ಜೋಡಿಸುತ್ತದೆ. ಮೂರು ವರ್ಷಕ್ಕೆ ಅದರ ಹೆಚ್ಚಿನ ಮಾತು ಹೊರಗಿನವರಿಗೂ ತಿಳಿಯುತ್ತದೆ, ನಾಲ್ಕಕ್ಕೆ ಬಹುಮಟ್ಟಿಗೆ ಎಲ್ಲವೂ.

ಇವು ಸರಾಸರಿಯ ಲೆಕ್ಕ. ಒಂದೆರಡು ತಿಂಗಳು ಹಿಂದೆ ಮುಂದೆ ಆಗುವುದು ಸಹಜ. ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ಸ್ವಲ್ಪ ನಿಧಾನ ಎಂಬ ಅಜ್ಜಿಯ ಮಾತಿನಲ್ಲೂ ಸತ್ಯವಿದೆ. ಆದರೆ ಆ ವ್ಯತ್ಯಾಸ ತಿಂಗಳುಗಳದ್ದು, ವರ್ಷಗಳದ್ದಲ್ಲ. ವರ್ಷ ತುಂಬಿದರೂ ಬಬಬ ದದದ ಇಲ್ಲ, ಬೆರಳು ತೋರಿಸುವುದಿಲ್ಲ, ಒಂದೂಕಾಲು ಒಂದೂವರೆ ವರ್ಷವಾದರೂ ಒಂದು ಪದವಿಲ್ಲ, ಎರಡು ತುಂಬಿದರೂ ಎರಡು ಪದ ಜೋಡಿಸುವುದಿಲ್ಲ ಎಂದಾದರೆ ಕಾಯಬಾರದು, ತೋರಿಸಬೇಕು. ಬಂದಿದ್ದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲಾದರೂ ಕೂಡಲೇ ತೋರಿಸಬೇಕು.

ತಂದೆತಾಯಿ ಮೋಸಹೋಗುವ ಒಂದು ಜಾಗವಿದೆ, ಅದನ್ನು ಪ್ರಶಿಕ್ಷಣಾರ್ಥಿಗಳು ವಿಶೇಷವಾಗಿ ತಿಳಿದಿರಬೇಕು. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಅಳುತ್ತದೆ, ನಗುತ್ತದೆ, 'ಊ ಆ' ಎನ್ನುತ್ತದೆ. ಆದ್ದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ತಟ್ಟೆ ಬಿದ್ದರೆ, ಬಾಗಿಲು ಬಡಿದರೆ ತಿರುಗುತ್ತದೆ, ಏಕೆಂದರೆ ಅದರ ಅದುರುವಿಕೆ ನೆಲದಿಂದ ತಿಳಿಯುತ್ತದೆ. 'ಚೆನ್ನಾಗಿ ಕೇಳಿಸುತ್ತದೆ' ಎಂದು ಅಜ್ಜಿ ಖಾತ್ರಿಯಾಗಿ ಹೇಳುವುದು ಸುಳ್ಳಲ್ಲ, ಅವರು ಕಂಡದ್ದನ್ನೇ ಹೇಳುತ್ತಿರುತ್ತಾರೆ. ದಡಕ್ಕನೆ ಆಗುವ ಸದ್ದು ಕೇಳಿಸುವುದು ಬೇರೆ, 'ಸೀತಾ' ಮತ್ತು 'ಗೀತಾ'ದ ನಡುವಿನ ವ್ಯತ್ಯಾಸ ಕೇಳಿಸುವುದು ಬೇರೆ.

ಕನ್ನಡ ಮಗುವಿನ ಲೆಕ್ಕ ಕನ್ನಡದಲ್ಲೇ ಆಗಬೇಕು

ನಮ್ಮ ಕೈಪಿಡಿಗಳಲ್ಲಿರುವ ಪಟ್ಟಿಗಳು ಹೆಚ್ಚಾಗಿ ಇಂಗ್ಲಿಷ್ ಮಕ್ಕಳನ್ನು ನೋಡಿ ಮಾಡಿದವು. ಎರಡು ವರ್ಷಕ್ಕೆ ಎರಡು ಪದ ಎಂಬ ಅಳತೆ ಉಪಯುಕ್ತವೇ. ಆದರೆ ಕನ್ನಡದ ಮಗು 'ಕೊಡಲ್ಲ' ಎಂದಾಗ ಕೊಡುವ ಕ್ರಿಯೆಯನ್ನೂ ನಿರಾಕರಣೆಯನ್ನೂ ಒಂದೇ ಪದದಲ್ಲಿ ಜೋಡಿಸಿದೆ. 'ಮನೇಲಿ', 'ಅಮ್ಮಂಗೆ' ಎಂದಾಗ ವಿಭಕ್ತಿ ಹಿಡಿದಿದೆ. 'ಕೊಟ್ಟ' ಎನ್ನುವ ಬದಲು 'ಕೊಡಿದ' ಎನ್ನುವ ಮಗು ತಪ್ಪು ಮಾಡಿತೆಂದು ನಾವು ನಗುತ್ತೇವೆ. ಅದು ಯಾರೂ ಹೇಳಿಕೊಡದ ವ್ಯಾಕರಣದ ನಿಯಮವೊಂದನ್ನು ತಾನೇ ಕಂಡುಕೊಂಡು ಬಳಸಿದೆ. ಪದಗಳನ್ನಷ್ಟೇ ಎಣಿಸಿದರೆ ಈ ಕೆಲಸವೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಉಚ್ಚಾರಣೆಯ ವಿಷಯವೂ ಹೀಗೆಯೇ. ಪ, ಬ, ಮ, ತ, ನ ಮೊದಲು ಬರುತ್ತವೆ. ರ, ಳ, ಶ, ಷ ತಡವಾಗಿ ಬರುತ್ತವೆ. ಅಂಗನವಾಡಿಯ ಮಗು 'ರೊಟ್ಟಿ'ಗೆ 'ಲೊಟ್ಟಿ' ಎಂದರೆ ಗಾಬರಿ ಬೇಡ. ಎರಡರಿಂದ ಐದು ವರ್ಷದ ನಡುವೆ ಹಲವು ಮಕ್ಕಳು ಪದಗಳನ್ನು ತಡೆತಡೆದು, ಮತ್ತೆ ಮತ್ತೆ ಹೇಳುತ್ತಾರೆ. ಬಹಳ ಮಕ್ಕಳಲ್ಲಿ ಅದು ತಾನಾಗಿ ಹೋಗುತ್ತದೆ. ಆದರೆ 'ಉಗ್ಗ' ಎಂದು ಕರೆದು, 'ಸರಿಯಾಗಿ ಹೇಳು' ಎಂದು ಗದರಿಸಿದರೆ ಮಗು ಬಾಯಿ ತೆರೆಯಲೇ ಅಂಜುತ್ತದೆ. ತಿಂಗಳುಗಟ್ಟಲೆ ಮುಂದುವರಿದರೆ, ಮುಖ ಬಿಗಿಹಿಡಿದು ಮಾತಾಡುತ್ತಿದ್ದರೆ ತಜ್ಞರಿಗೆ ತೋರಿಸಬೇಕು.

ಇದಕ್ಕೂ ಊರ ಆಡುಮಾತಿಗೂ ಸಂಬಂಧವಿಲ್ಲ. ನಮ್ಮ ಚನ್ನಗಿರಿ, ಹೊನ್ನಾಳಿ ಕಡೆಯ ಮಗು 'ಶಾಲೆ'ಗೆ 'ಸಾಲಿ' ಎಂದರೆ, 'ವರ್ಷ'ಕ್ಕೆ 'ವರ್ಸ' ಎಂದರೆ, ಭಾರತದ 'ಭಾ'ದಲ್ಲಿ ಮಹಾಪ್ರಾಣ ಬಿಟ್ಟರೆ ಅದು ದೋಷವಲ್ಲ. ಅದರ ಅವ್ವ, ಅಪ್ಪ, ಅಜ್ಜ ಎಲ್ಲರೂ ಹಾಗೆಯೇ ಆಡುತ್ತಾರೆ. ಪ್ರಶಿಕ್ಷಣಾರ್ಥಿಗಳ ಟಿಪ್ಪಣಿಯಲ್ಲಿ ಇಂಥದ್ದು 'ಉಚ್ಚಾರಣಾ ದೋಷ' ಎಂಬ ತಲೆಬರಹದ ಕೆಳಗೆ ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗ್ರಂಥಸ್ಥ ರೂಪವನ್ನು ಕಲಿಸುವುದು ಶಾಲೆಯ ಕೆಲಸ, ಒಪ್ಪಿದೆ. ಮನೆಯ ರೂಪವನ್ನು ರೋಗವೆಂದು ಬರೆಯುವುದು ಶಾಲೆಯ ಕೆಲಸವಲ್ಲ.

ಕನ್ನಡಕ್ಕೆ ಈ ಕೆಲಸ ಹೊಸತೂ ಅಲ್ಲ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಈ ಕ್ಷೇತ್ರದ ದೊಡ್ಡ ಮನೆ. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಅಳೆಯಲು ಕನ್ನಡದ್ದೇ ಪರೀಕ್ಷೆಯನ್ನು ತಜ್ಞರು 1972ರಷ್ಟು ಹಿಂದೆಯೇ ರೂಪಿಸಿದ್ದಾರೆ. ಐವತ್ತು ವರ್ಷ ದಾಟಿದರೂ ಈ ತಿಳಿವಳಿಕೆ ನಮ್ಮ ಶಿಕ್ಷಕರ ತರಬೇತಿ ಸಂಸ್ಥೆಗಳ ಹೊಸ್ತಿಲು ಸರಿಯಾಗಿ ದಾಟಿಲ್ಲ ಎಂಬುದು ನನ್ನ ದೂರು. ಈ ದೂರಿನಲ್ಲಿ ನಾನೂ ಒಬ್ಬ ಆರೋಪಿ.

ಎರಡು ಭಾಷೆಯ ಮನೆ

ನಮ್ಮ ಸುತ್ತಿನ ಊರುಗಳಲ್ಲಿ ಒಂದೇ ಭಾಷೆಯ ತರಗತಿ ಅಪರೂಪ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರ ಜನ್ಮಸ್ಥಳ, ಲಂಬಾಣಿ ಸಮುದಾಯಕ್ಕೆ ಯಾತ್ರಾಸ್ಥಳ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಎಲ್ಲ ಕಡೆ ತಾಂಡಾಗಳಿವೆ. ಉರ್ದು, ತೆಲುಗು ಮನೆಮಾತಿನ ಮಕ್ಕಳೂ ಇದ್ದಾರೆ. ತಾಯಿಗೆ 'ಯಾಡಿ', ನೀರಿಗೆ 'ಪಾಣಿ', ರೊಟ್ಟಿಗೆ 'ಬಾಟಿ' ಎಂದು ಆರು ವರ್ಷ ಕಲಿತ ಮಗುವಿಗೆ ಮೊದಲ ದಿನ 'ಅ, ಅರಸ' ಎಂದರೆ ಅದು ಸುಮ್ಮನಿರುತ್ತದೆ. ಹೊಸ ಭಾಷೆಯ ನಡುವೆ ಬಿದ್ದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೇಳುತ್ತ ಕೂರುವುದು ಸಹಜ. ಆ ಮೌನದಲ್ಲಿ ಅದು ಕಲಿಯುತ್ತಿರುತ್ತದೆ. ನಮ್ಮ ಹುಡುಗಿ ಟೀಚರ್ ಕನ್ನಡದಲ್ಲಿ ಹೇಳಿದ ಕಥೆಯನ್ನು ಅಜ್ಜಿಗೆ ಲಂಬಾಣಿಯಲ್ಲಿ ಹೇಳುತ್ತಿದ್ದಳಲ್ಲ, ಅದಕ್ಕಿಂತ ಸಾಕ್ಷಿ ಬೇಕೆ?

ಇಲ್ಲಿ ಒಂದು ಸರಳ ಸೂತ್ರವಿದೆ. ನಿಜವಾದ ವಾಕ್ ವಿಳಂಬವಿದ್ದರೆ ಅದು ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಮನೆಮಾತಿನಲ್ಲಿ ಸರಾಗವಾಗಿ ಮಾತಾಡುವ ಮಗುವಿಗೆ ಕನ್ನಡ ಬಾರದಿದ್ದರೆ ಅದು ವಿಳಂಬವಲ್ಲ, ಕಲಿಯಬೇಕಾದ ಇನ್ನೊಂದು ಭಾಷೆ, ಅಷ್ಟೆ. ಮನೆಮಾತಿನಲ್ಲೂ ಮಾತಿಲ್ಲದಿದ್ದರೆ ಆಗ ಯೋಚಿಸಬೇಕು. ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ಮನೆಯವರನ್ನು ಒಂದು ಪ್ರಶ್ನೆ ಕೇಳಿದರೆ ಸಾಕು: "ಮನೇಲಿ ನಿಮ್ಮ ಮಾತಿನಲ್ಲಿ ಹೇಗೆ ಮಾತಾಡುತ್ತೆ? ಅದರ ಅಕ್ಕ, ಅಣ್ಣ ಈ ವಯಸ್ಸಿನಲ್ಲಿ ಹೇಗಿದ್ದರು?"

ಇದರ ಜೊತೆಗೆ ಒಂದು ಎಚ್ಚರಿಕೆ. 'ಮನೆಯಲ್ಲಿ ಕನ್ನಡವನ್ನೇ ಮಾತಾಡಿ, ಇಲ್ಲವೇ ಇಂಗ್ಲಿಷನ್ನೇ ಮಾತಾಡಿ' ಎಂದು ತಾಯಂದಿರಿಗೆ ಉಪದೇಶಿಸುವ ಶಿಕ್ಷಕರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ತನಗೆ ಚೆನ್ನಾಗಿ ಬರುವ ಭಾಷೆಯನ್ನು ತಾಯಿ ಬಿಟ್ಟರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಅದು ನಿಜವಾದ ನಷ್ಟ.

ಅಡಿಕೆ ಸುಲಿಯುವ ಅಂಗಳದಲ್ಲಿ ಮೊಬೈಲು

ಮಗುವಿಗೆ ಮಾತು ಬರುವುದು ಮಾತಾಡಿಸುವುದರಿಂದ. ಕೂಸು 'ಊ' ಎಂದರೆ ಅಜ್ಜಿ 'ಊ ಅಂತೀಯ, ಹೌದಾ, ಯಾರು ಹೊಡೆದ್ರು ನನ್ನ ರಾಜಂಗೆ' ಎಂದು ಉತ್ತರ ಕೊಡುತ್ತಾಳೆ. ಕೂಸು ಮತ್ತೆ 'ಊ' ಎನ್ನುತ್ತದೆ. 'ಬುವ್ವ', 'ತಾಚಿ', 'ಗುಮ್ಮ' ಎಂಬ ಎಳೆಮಾತುಗಳನ್ನು ನಾವು ಅಶಿಕ್ಷಿತರ ಮಾತೆಂದು ಕಡೆಗಣಿಸುತ್ತೇವೆ. ಎಳೆದು, ಏರಿಸಿ, ಮತ್ತೆ ಮತ್ತೆ ಹೇಳುವ ಆ ಧಾಟಿಯೇ ಕೂಸಿಗೆ ಪದಗಳನ್ನು ಬಿಡಿಬಿಡಿಯಾಗಿ ಹಿಡಿಯಲು ಸಹಾಯ ಮಾಡುತ್ತದೆ ಎಂದು ಭಾಷಾ ವಿಜ್ಞಾನವೂ ಹೇಳುತ್ತದೆ.

ಈಗ ನಮ್ಮ ಕಡೆ ಕೊಯ್ಲು ಶುರುವಾದರೆ ಸಂಜೆಯ ಹೊತ್ತು ಹೆಂಗಸರೆಲ್ಲ ಅಡಿಕೆ ಸುಲಿಯಲು ಕೂರುತ್ತಾರೆ. ಪಕ್ಕದಲ್ಲಿ ಕೂಸಿನ ಕೈಗೆ ಮೊಬೈಲು. ಅವರನ್ನು ನಾನು ದೂರುವುದಿಲ್ಲ, ಹೊಟ್ಟೆಪಾಡು. ಆದರೆ ಮೊಬೈಲು ಮಾತಾಡುತ್ತದೆ, ಮಾತಾಡಿಸುವುದಿಲ್ಲ. ಕೂಸು 'ಊ' ಎಂದರೆ ಉತ್ತರ ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಸುಲಿಯುವಾಗಲೂ ಬಾಯಿ ಬಿಡುವಾಗಿರುತ್ತದೆ. ಕೈ ಅಡಿಕೆಗೆ, ಮಾತು ಕೂಸಿಗೆ ಎಂದು ತಾಯಂದಿರ ಸಭೆಯಲ್ಲಿ ಹೇಳಬಹುದು. ನಾನು ಹೇಳಿದ್ದೇನೆ, ಅವರು ನಕ್ಕರೂ ಒಪ್ಪಿದ್ದಾರೆ.

ಬಜೆಯ ವಿಷಯ. ನಂಬಿಕೆಯನ್ನು ಗೇಲಿ ಮಾಡಿದರೆ ಮನೆಯ ಬಾಗಿಲು ಮುಚ್ಚುತ್ತದೆ. ಆದರೆ ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪದಲ್ಲಿ ಏನನ್ನು ಕಲಸಿಯೂ ಕೊಡಬಾರದು, ಅಪಾಯ ಎಂದು ಸ್ಪಷ್ಟವಾಗಿ ಹೇಳಬೇಕು. ನಾಲಿಗೆಯ ಅಡಿಯ ನರ ಕೊಯ್ಸಿದರೆ ಮಾತು ಬರುತ್ತದೆ ಎಂಬ ನಂಬಿಕೆಯೂ ಇದೆ. ನಾಲಿಗೆ ಕಟ್ಟು ಇದ್ದರೆ ಕೆಲವು ಅಕ್ಷರ ಸ್ಪಷ್ಟವಾಗದಿರಬಹುದು, ಮಾತೇ ಬಾರದಿರಲು ಸಾಮಾನ್ಯವಾಗಿ ಅದು ಕಾರಣವಲ್ಲ. ಬಜೆ, ಹರಕೆ ಯಾವುದನ್ನು ಮಾಡಿದರೂ ಕಿವಿಯ ಪರೀಕ್ಷೆಯೊಂದನ್ನು ಬಿಡಬೇಡಿ ಎನ್ನುವುದೇ ನಮ್ಮ ಮಾತಾಗಬೇಕು.

'ನಾವು ಡಾಕ್ಟರಲ್ಲವಲ್ಲ'

ಈ ವಿಷಯ ಎತ್ತಿದಾಗಲೆಲ್ಲ ಸಹೋದ್ಯೋಗಿಗಳಿಂದ ಕೇಳುವ ಆಕ್ಷೇಪಗಳು ಮೂರು. ಮೊದಲನೆಯದು, ನಾವು ಡಾಕ್ಟರಲ್ಲ. ನಿಜ. ಆದ್ದರಿಂದಲೇ 'ವಾಕ್ ದೋಷ', 'ಮಂದಗತಿ' ಎಂದು ಬರೆಯುವ ಅಧಿಕಾರ ನಮಗಿಲ್ಲ. ಕಂಡದ್ದನ್ನು ಬರೆಯುವುದು, ತೋರಿಸಲು ಹೇಳುವುದು ನಮ್ಮ ಕೆಲಸ. ರೋಗಕ್ಕೆ ಹೆಸರಿಡುವುದು ಅವರ ಕೆಲಸ.

ಎರಡನೆಯದು, ಅಂಗನವಾಡಿ ನಮ್ಮ ಇಲಾಖೆಯಲ್ಲ. ಇಲಾಖೆ ಬೇರೆ, ಮಗು ಅದೇ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ತಿ. ನರಸೀಪುರವೂ ಒಂದು. ಅಂದಿನಿಂದ ಮೂರರಿಂದ ಆರು ವರ್ಷದ ಮಕ್ಕಳು ಇರುವುದು ಅಲ್ಲಿಯೇ. ಮಾತಿನ ತೊಂದರೆ ಒಂದನೇ ತರಗತಿಯಲ್ಲಿ ಹುಟ್ಟುವುದಿಲ್ಲ, ಅಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ ಅಷ್ಟೆ.

ಮೂರನೆಯದು, ಹೇಳಿದರೂ ಎಲ್ಲಿಗೆ ಕಳಿಸುವುದು? ಇದಕ್ಕೆ ಉತ್ತರವಿದೆ, ನಮಗೆ ಗೊತ್ತಿಲ್ಲ ಅಷ್ಟೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಸೇರಿದೆ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆಯ ವಿಳಂಬವೂ, ಶ್ರವಣ ದೋಷವೂ ಅದರ ಪಟ್ಟಿಯಲ್ಲಿವೆ. ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ವ್ಯವಸ್ಥೆ ಇದೆ. ಊರಿನಲ್ಲಿ ಆಶಾ ಕಾರ್ಯಕರ್ತೆ ಇದ್ದಾರೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು ಇದ್ದಾರೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯಿದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಶ್ರವಣ ದೋಷವೂ ವಾಕ್ ಮತ್ತು ಭಾಷಾ ನ್ಯೂನತೆಯೂ ಸೇರಿವೆ. ತಂಡ ಬಂದ ದಿನ ಆ ಮಗು ಗೈರುಹಾಜರಾಗಿದ್ದರೆ ಮತ್ತೆ ನೆನಪಿಸುವವರು ಯಾರು? ಆ ಒಬ್ಬರು ಶಿಕ್ಷಕರಾಗಬೇಕು.

ಶ್ರವಣ ದೋಷದ ವಿಷಯದಲ್ಲಿ ಜಗತ್ತಿನೆಲ್ಲೆಡೆ ಒಪ್ಪಿದ ಗುರಿ ಹೀಗಿದೆ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ. ಸೋದರ ಸಂಬಂಧದ ಮದುವೆಗಳು ಹೆಚ್ಚಿರುವ ನಮ್ಮ ರಾಜ್ಯದಲ್ಲಿ ಹುಟ್ಟು ಕಿವುಡಿನ ಎಚ್ಚರ ಇನ್ನಷ್ಟು ಬೇಕು. ಆರು ತಿಂಗಳ ಗುರಿಗೆ ನಮ್ಮ ಹುಡುಗ ಐದು ವರ್ಷಕ್ಕೆ ತಲುಪಿದ. ಅವನ ತಂದೆ ಭತ್ತ ಬೆಳೆಯುವವರು. 'ಈಗ ಮಿಷನ್ ಹಾಕಿದ್ರೆ ಎಲ್ರ ಹಂಗೆ ಮಾತಾಡ್ತಾನಾ ಸಾರ್' ಎಂದು ಕೇಳಿದರು. ವಯಸ್ಸು ಮೀರಿದ ಸಸಿ ನಾಟಿ ಮಾಡಿದರೆ ತೆಂಡೆ ಒಡೆಯುವುದು ಕಡಿಮೆ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆ ಮಾತು ನನ್ನ ಬಾಯಿಗೆ ಬಂದರೂ ಆಡಲಾಗಲಿಲ್ಲ. "ದಿನಾ ಮಾತಾಡಿಸಿ, ತರಬೇತಿ ತಪ್ಪಿಸಬೇಡಿ, ಬೆಳೆ ಬಂದೇ ಬರುತ್ತೆ" ಎಂದೆ.

ನನ್ನ ಸಲಹೆಗಳು

ನಮ್ಮ ಬೋಧನಾಭ್ಯಾಸದ ಕ್ರಮದಲ್ಲಿ ನಾಲ್ಕು ಬದಲಾವಣೆ ಬೇಕೆಂದು ಕೇಳುತ್ತೇನೆ. ಯಾವುದಕ್ಕೂ ಹಣ ಬೇಕಿಲ್ಲ.

ಒಂದು, ಪ್ರಕರಣ ಅಧ್ಯಯನದ ಮೊದಲ ಪುಟದಲ್ಲಿ ಎರಡು ಪ್ರಶ್ನೆಗಳಿರಲಿ. ಮಗುವಿನ ಮನೆಮಾತು ಯಾವುದು, ಅದರಲ್ಲಿ ಮಗು ಹೇಗೆ ಮಾತಾಡುತ್ತದೆ? ಮಗುವಿನ ಕಿವಿಯ ಪರೀಕ್ಷೆ ಎಂದಾದರೂ ಆಗಿದೆಯೇ, ಕಿವಿ ಸೋರುತ್ತದೆಯೇ? ಇವೆರಡಕ್ಕೆ ಉತ್ತರವಿಲ್ಲದ ಅಧ್ಯಯನಕ್ಕೆ ಅಂಕವಿಲ್ಲ. ಪದೇ ಪದೇ ನೆಗಡಿಯಾಗಿ ಕಿವಿ ಸೋರುವ ಮಗುವಿಗೆ ಒಂದು ದಿನ ಕೇಳಿಸುತ್ತದೆ, ಮರುದಿನ ಕೇಳಿಸುವುದಿಲ್ಲ. ಅದನ್ನು ನಾವು 'ಗಮನವಿಲ್ಲದ ಮಗು' ಎಂದು ಬರೆಯುತ್ತೇವೆ.

ಎರಡು, ಶಾಲೆಗೆ ಹೋಗುವ ಮುನ್ನ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ಎರಡು ದಿನ ಅಂಗನವಾಡಿಯಲ್ಲಿ ಕೂರಲಿ. ಪಾಠ ಮಾಡುವುದು ಬೇಡ. ಒಂದು ಮಗುವಿನ ಮಾತನ್ನು ಅರ್ಧ ಗಂಟೆ ಇದ್ದಂತೆಯೇ ಬರೆದುಕೊಳ್ಳಲಿ, ತೊದಲನ್ನು ತಿದ್ದದೆ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಮೈಲಿಗಲ್ಲುಗಳ ಪುಟವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಕೇಳಿ ತಿಳಿಯಲಿ. ಅವರಿಗಿರುವ ಅನುಭವ ನಮ್ಮಲ್ಲಿ ಅನೇಕರಿಗಿಲ್ಲ.

ಮೂರು, ಆರು ದನಿಗಳ ಪರೀಕ್ಷೆಯನ್ನು ಎಲ್ಲರೂ ಕಲಿಯಲಿ. ಲಿಂಗ್ ಎಂಬ ತಜ್ಞರು ಬಳಕೆಗೆ ತಂದದ್ದು ಇದು. ಮಗುವಿನ ಹಿಂದೆ ನಿಂತು ಅಥವಾ ಬಾಯಿಗೆ ಕಾಗದ ಅಡ್ಡ ಹಿಡಿದು 'ಆ, ಊ, ಈ, ಮ್, ಶ್, ಸ್' ಎಂಬ ದನಿಗಳನ್ನು ಸಾಮಾನ್ಯ ದನಿಯಲ್ಲಿ ಒಂದೊಂದಾಗಿ, ನಡುನಡುವೆ ಅಂತರ ಬದಲಿಸುತ್ತ ಹೇಳುವುದು. ಕೇಳಿದಾಗಲೆಲ್ಲ ಮಗು ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಬೇಕು. ತಗ್ಗು ದನಿಯಿಂದ ಕೀರು ದನಿಯವರೆಗೆ ಮಾತಿನ ವ್ಯಾಪ್ತಿಯೆಲ್ಲ ಈ ಆರರಲ್ಲಿದೆ. 'ಆ' ಕೇಳಿ 'ಸ್' ಕೇಳದ ಮಕ್ಕಳೂ ಇರುತ್ತಾರೆ. ಇದರಿಂದ ರೋಗ ನಿರ್ಧಾರವಾಗುವುದಿಲ್ಲ, ಯಾರನ್ನು ತೋರಿಸಬೇಕೆಂಬ ಸುಳಿವು ಸಿಗುತ್ತದೆ.

ನಾಲ್ಕು, ನಮ್ಮ ವೀಕ್ಷಣಾ ನಮೂನೆಯಲ್ಲಿ ಪ್ರಶಿಕ್ಷಣಾರ್ಥಿಯ ಧ್ವನಿ, ಕಪ್ಪು ಹಲಗೆ, ಪ್ರಶ್ನೆ ಕೇಳುವ ಕೌಶಲ ಎಲ್ಲಕ್ಕೂ ಅಂಕವಿದೆ. ಪ್ರಶ್ನೆ ಕೇಳಿದ ಮೇಲೆ ಕಾಯುವುದಕ್ಕೆ ಇಲ್ಲ. ಮನಸ್ಸಿನಲ್ಲೇ ಐದು ಎಣಿಸುವಷ್ಟು ಕಾಯಿರಿ. ಎರಡನೇ ಭಾಷೆಯಲ್ಲಿ ಪದ ಹುಡುಕುವ ಮಗುವಿಗೆ, ತಡೆತಡೆದು ಮಾತಾಡುವ ಮಗುವಿಗೆ, ಕಿವಿ ಮಂದವಿರುವ ಮಗುವಿಗೆ ಆ ಐದು ಎಣಿಕೆಯೇ ದೊಡ್ಡ ಸಹಾಯ. ತಾಂಡಾದ ಶಾಲೆಗೆ ಲಂಬಾಣಿ ಬಲ್ಲ ಪ್ರಶಿಕ್ಷಣಾರ್ಥಿಯನ್ನು, ಉರ್ದು ಮಕ್ಕಳಿರುವಲ್ಲಿಗೆ ಉರ್ದು ಬಲ್ಲವರನ್ನು ಕಳಿಸುವಷ್ಟು ಬುದ್ಧಿಯನ್ನು ಹಂಚಿಕೆ ಪಟ್ಟಿ ಮಾಡುವ ನಾವು ತೋರಿಸಬೇಕು.

ಆ ಹುಡುಗಿಯ ದಾಖಲೆಯ ಮೇಲಿದ್ದ ನನ್ನ ಸಹಿಯನ್ನು ಹಿಂದಕ್ಕೆ ಪಡೆಯಲು ಅವಕಾಶವಿರಲಿಲ್ಲ. ಪ್ರಶಿಕ್ಷಣಾರ್ಥಿಯನ್ನು ಕರೆಸಿ ಇಬ್ಬರೂ ಕೂತು ಅಧ್ಯಯನವನ್ನು ಮೊದಲಿನಿಂದ ಬರೆದೆವು. ಅವಳ ಅಜ್ಜಿಯನ್ನು ಮಾತಾಡಿಸಿದೆವು, ತಾಂಡಾದ ಹುಡುಗ ನಡುವೆ ಕೂತು ಎರಡೂ ಕಡೆಯ ಮಾತು ತಿಳಿಸಿದ. ಹೊಸ ಬರಹದಲ್ಲಿ 'ದೋಷ' ಎಂಬ ಪದ ಬರಲಿಲ್ಲ. ಕಿವಿ ಕೇಳದ ಹುಡುಗನಿಗೆ ಈಗ ಶ್ರವಣ ಸಾಧನವಿದೆ, ಮಾತಿನ ತರಬೇತಿ ನಡೆಯುತ್ತಿದೆ, ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ಅವನು ಕಳೆದುಕೊಂಡ ಆ ಒಂದು ವರ್ಷದ ಬಗ್ಗೆ ಯಾವ ದಾಖಲೆಯಲ್ಲೂ ಒಂದು ಸಾಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಈ ಸಾಲಿನ ದಾಖಲೆಗಳು ಮೇಜಿಗೆ ಬರುವ ಹೊತ್ತು ಹತ್ತಿರವಾಗುತ್ತಿದೆ. ಸಹಿ ಹಾಕುವ ಮುನ್ನ ಮೊದಲ ಪುಟದ ಆ ಎರಡು ಪ್ರಶ್ನೆಗಳಿಗೆ ಉತ್ತರ ಇದೆಯೇ ಎಂದು ನೋಡುತ್ತೇನೆ. ನೀವೂ ನೋಡಿ.